ಕಡಲಹುಲ್ಲಿಗೆ ಕಟಿಂಗ್

ಮೊಣಕಾಲುದ್ದದ ನೀರಿಗಿಂತ ಮುಂದೆ ಹೋಗದವರು ಕಡಲಿನ ವಿಷಯಕ್ಕೆ ಬಾಯಿ ಹಾಕಬಾರದು. ಗೊತ್ತಿದ್ದೂ ಈ ಕಥೆ ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಇರಲಿ. ಹುಲ್ಲಿನ ಬಗ್ಗೆ ಏನಾದರೂ ತಪ್ಪಿದ್ದರೆ ತಿಳಿದವರು ತಿದ್ದಬೇಕು. ಕ್ಷೌರದ ಬಗ್ಗೆ ತಪ್ಪಿದ್ದರೆ ಆ ಚಿಂತೆಯಿಲ್ಲ, ನೀಟಪ್ಪನೇ ಬಂದು ತಿದ್ದುತ್ತಾನೆ. ತಿದ್ದುವುದೆಂದರೆ ಅವನಿಗೆ ಪ್ರಾಣ.

ನೀಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಂದರಿನ ಬೀದಿ ಇಟ್ಟದ್ದು. ಆ ಬೀದಿಯಲ್ಲಿ ಅವನದೊಂದು ಕ್ಷೌರದಂಗಡಿ. ನಡುವೆ ಒಂದು ಹೂವಿನ ಪರದೆ. ಪರದೆಯ ಈಚೆ ಎರಡು ತಿರುಗುಕುರ್ಚಿ, ಎದುರುಬದುರು ಗೋಡೆಗೆ ಎರಡು ಉದ್ದ ಕನ್ನಡಿ. ಪರದೆಯ ಆಚೆ ಅವನ ಹೆಂಡತಿಯ ಹೊಲಿಗೆ ಯಂತ್ರ. ಅವಳನ್ನು ಬೀದಿಯವರು ಟೈಲರಮ್ಮ ಎನ್ನುತ್ತಿದ್ದರು. ಗಂಡ ಹೆಂಡಿರ ಮಾತುಕತೆಯೆಲ್ಲ ಪರದೆಯ ಮೂಲಕವೇ ನಡೆಯುತ್ತಿತ್ತು. ಹಾಗಾಗಿ ಮುಖ ನೋಡಿ ಜಗಳವಾಡುವ ಅಭ್ಯಾಸ ಇಬ್ಬರಿಗೂ ತಪ್ಪಿಹೋಗಿತ್ತು.

ಗಿರಾಕಿ ಇಲ್ಲದ ಹೊತ್ತಿನಲ್ಲಿ ನೀಟಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ಕತ್ತರಿ ಹಿಡಿದು ಅಂಗಡಿಯೊಳಗೆ ಒಂದು ಸುತ್ತು ಬರುತ್ತಿದ್ದ. ಪರದೆಯ ಅಂಚಿನಲ್ಲಿ ಎದ್ದ ನೂಲು, ಪೊರಕೆಯಲ್ಲಿ ಗುಂಪು ಬಿಟ್ಟ ಕಡ್ಡಿ, ಕಾಲೊರಸಿನ ಜೂಲು, ಕುಂಡದ ಗಿಡದಲ್ಲಿ ಒಂದೇ ಒಂದು ಎಲೆ ಹೆಚ್ಚು ಉದ್ದವಾಗಿದ್ದರೆ ಅದರ ತುದಿ, ಎಲ್ಲವೂ ಕಚ್ ಕಚ್. ಪಕ್ಕದ ಅಂಗಡಿಯ ಬೆಕ್ಕು ಅವನ ಕೈಯಲ್ಲಿ ಕತ್ತರಿ ಕಂಡರೆ ಮೀಸೆ ಉಳಿಸಿಕೊಳ್ಳಲು ಬೀದಿ ದಾಟುತ್ತಿತ್ತು.

ಈ ಚಟಕ್ಕೆ ಮನೆಯಲ್ಲೇ ಒಂದು ಬಲಿ ಆಗಿತ್ತು. ಮಗಳು ಚಿಕ್ಕವಳಿದ್ದಾಗ ಶಾಲೆಗೆಂದು ಪ್ರಪಂಚದ ನಕ್ಷೆ ಬರೆದಿದ್ದಳು. ಕಾಗದದ ಅಂಚು ಸೊಟ್ಟಗಿದೆಯೆಂದು ನೀಟಪ್ಪ ನೇರ ಮಾಡಿಕೊಟ್ಟ. ಮೂಲೆಯಲ್ಲಿದ್ದ ಒಂದು ದ್ವೀಪಗಳ ಗುಂಪು ಕಸದ ಬುಟ್ಟಿಗೆ ಹೋಯಿತು. ಅಷ್ಟು ಜನರನ್ನು ಎಲ್ಲಿ ಮುಳುಗಿಸಿದೆ ಎಂದು ಟೀಚರು ಕೇಳಿದರು. ಆಮೇಲೆ ಅವಳು ತನ್ನ ಒಂದು ಕಾಗದವನ್ನೂ ಅಪ್ಪನ ಕೈಗೆ ಕೊಟ್ಟಿರಲಿಲ್ಲ. "ಅಮ್ಮಾ, ಅಪ್ಪನಿಗೆ ಸಿಗದ ಹಾಗೆ ಎತ್ತಿಡು" ಎನ್ನುವುದು ಆ ಮನೆಯಲ್ಲಿ ದಿನನಿತ್ಯದ ಮಾತಾಯಿತು. ನೀಟಪ್ಪ ಅದನ್ನು ಕೇಳಿಸಿಕೊಂಡು, ಕೇಳಿಸಲಿಲ್ಲವೆಂಬಂತೆ ಬಾಚಣಿಗೆ ತೊಳೆಯುತ್ತಿದ್ದ.

ಅಂಥ ಮಗಳೇ ಒಂದು ಬೆಳಿಗ್ಗೆ ಅವನ ಅಂಗಡಿಗೆ ಒಂದು ಗಾಜಿನ ತೊಟ್ಟಿ ತಂದಿಳಿಸಿದಳು.

ಅವಳೀಗ ಊರಿನ ಕಡಲ ಜೀವಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ದೋಣಿಗಳ ಲಂಗರು ಎಳೆದೆಳೆದು ಕೊಲ್ಲಿಯ ತಳದಲ್ಲಿದ್ದ ಕಡಲಹುಲ್ಲು ಕಿತ್ತುಹೋಗಿತ್ತು. ಅದನ್ನು ಮತ್ತೆ ನೆಡಲು ಕೇಂದ್ರದವರು ಒಬ್ಬೊಬ್ಬರಿಗೆ ಒಂದೊಂದು ತುಂಡು ಜಾಗ ಹಂಚಿದ್ದರು. ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಸಿಕ್ಕ ಮೊದಲ ಜಾಗ ಅದು. ಅಲ್ಲಿ ನೆಡಬೇಕಾದ ಹುಲ್ಲು ಈ ತೊಟ್ಟಿಯಲ್ಲಿತ್ತು. ಅಷ್ಟರಲ್ಲಿ ಕೇಂದ್ರದ ವೈರಿಂಗ್ ಸುಟ್ಟು ರಿಪೇರಿಗೆ ಬಂತು. ತೊಟ್ಟಿಗಳೆಲ್ಲ ಅವರವರ ನೆಂಟರಿಷ್ಟರ ಮನೆ ಸೇರಿದವು. ಅವಳಿಗೋ ದೋಣಿಯಲ್ಲಿ ಒಂದು ವಾರದ ಸಮೀಕ್ಷೆ. ಅಮ್ಮನ ಪಾಲಿನ ಅಂಗಡಿಯಲ್ಲಿ ಬಟ್ಟೆಯ ರಾಶಿ, ಸೂಜಿ ಇಡಲೂ ಜಾಗವಿಲ್ಲ. ಉಳಿದದ್ದು ಅಪ್ಪನ ಕಿಟಕಿ.

"ಅಪ್ಪ, ಸರಿಯಾಗಿ ಕೇಳ್ಸ್ಕೋ. ಇದು ಹಾಳಾದ್ರೆ ಎಲ್ಲರ ಜಾಗದಲ್ಲೂ ಹುಲ್ಲಿರುತ್ತೆ, ನನ್ನ ಜಾಗದಲ್ಲಿ ಬರೀ ಮರಳು."

"ನಾನೇನು ಮಾಡ್ಬೇಕು ಹೇಳು ಮರಿ."

"ಮುಟ್ಬಾರ್ದು, ಏನೂ ಮಾಡ್ಬಾರ್ದು."

"ಏನೂ ಮಾಡ್ದೇ ಇರೋದು ಒಂದು ಕೆಲ್ಸಾನಾ?"

"ನಿಂಗೆ ಅದಕ್ಕಿಂತ ಕಷ್ಟದ ಕೆಲ್ಸ ಇನ್ನೊಂದಿಲ್ಲ" ಎಂದು ಪರದೆಯ ಆಚೆಯಿಂದ ಟೈಲರಮ್ಮ ಹೇಳಿದಳು.

ಮೂಲೆಯ ಬೆಂಚಿನಲ್ಲಿ ಬೋಳಣ್ಣ ಪತ್ರಿಕೆ ಇಳಿಸಿ ನೋಡಿದ. ತಲೆಯ ಮೇಲೆ ಒಂದು ಕೂದಲೂ ಇಲ್ಲದ ಈ ನಿವೃತ್ತ ಟಿಕೆಟ್ ಕಲೆಕ್ಟರು ದಿನವೂ ತಪ್ಪದೆ ಕ್ಷೌರದಂಗಡಿಗೆ ಬರುತ್ತಿದ್ದುದು ಪುಕ್ಕಟೆ ಪತ್ರಿಕೆಗೆ. "ಏನಮ್ಮ, ಪಾಚೀನ ಇಷ್ಟು ಮುದ್ದು ಮಾಡ್ತಿದ್ದೀಯಲ್ಲ?"

"ಪಾಚಿ ಅಲ್ಲ ಮಾಮ! ಇದಕ್ಕೆ ಬೇರಿದೆ, ಹೂ ಬಿಡುತ್ತೆ, ಬೀಜ ಕಟ್ಟುತ್ತೆ. ಗದ್ದೆ ಹುಲ್ಲಿಗಿಂತ ಯಾವುದ್ರಲ್ಲೂ ಕಮ್ಮಿ ಇಲ್ಲ, ನೀರೊಳಗಿದೆ ಅಷ್ಟೇ. ಮೀನಿನ ಮರಿ, ಸಿಗಡಿ ಮರಿ ಎಲ್ಲ ಇದರೊಳಗೇ ಅಡಗಿಕೊಂಡು ದೊಡ್ಡವಾಗೋದು. ಸಮುದ್ರಕುದುರೆ ಬಾಲ ಸುತ್ತಿ ಹಿಡ್ಕೊಳ್ಳೋದು ಇದನ್ನೇ. ಆಮೆ ಬಂದು ಮೇಯುತ್ತೆ."

"ಮೇಯ್ದ್ರೆ ಹುಲ್ಲು ಸಾಯಲ್ವಾ?" ಎಂದ ನೀಟಪ್ಪ.

"ಇಲ್ಲಪ್ಪ, ಮೇಲಿಂದ ಕತ್ತರಿಸಿ ತಿಂದು ಹೋಗುತ್ತೆ. ಎಲೆ ಬೆಳೆಯೋದು ತುದೀಲಲ್ಲ, ಬುಡದಲ್ಲಿ."

ನೀಟಪ್ಪನ ಕಿವಿ ನೆಟ್ಟಗಾಯಿತು. "ಕೂದಲ ಹಾಗೆ!"

"ಹೂಂ ಅಪ್ಪ, ಕೂದಲ ಹಾಗೆ" ಎಂದು ಮಗಳು ಗಡಿಯಾರ ನೋಡಿಕೊಂಡು ಹೊರಟೇಬಿಟ್ಟಳು. ಆ ಒಂದು 'ಹೂಂ' ಎಷ್ಟು ತುಟ್ಟಿಯಾಯಿತೆಂಬುದು ಅವಳಿಗೆ ಆಮೇಲೆ ತಿಳಿಯಿತು.

ಮೊದಲ ಕೆಲವು ದಿನ ನೀಟಪ್ಪ ತಪಸ್ಸಿಗೆ ಕೂತವನಂತೆ ಇದ್ದ. ಗಾಳಿಗುಳ್ಳೆ ಬಿಡುವ ಯಂತ್ರ ಬುಳುಬುಳು ಎನ್ನುತ್ತಿದೆಯೇ ನೋಡುವನು. ಯಾರಾದರೂ ಗಾಜಿನ ಮೇಲೆ ಬೆರಳಿಟ್ಟರೆ ಗದರುವನು. ಗಿರಾಕಿಗಳಿಗೆ "ನನ್ನ ಮಗಳದು, ನನ್ನ ಕೈಯಲ್ಲೇ ಕೊಟ್ಟು ಹೋಗಿದ್ದಾಳೆ" ಎನ್ನುವನು. ಕತ್ತಿನ ಮೇಲೆ ಕತ್ತಿಯಿದ್ದ ಗಿರಾಕಿಗಳು ಪ್ರತಿಸಲವೂ ಹೊಸದಾಗಿ ಕೇಳಿದಂತೆ ತಲೆಯಾಡಿಸದೆ ಮೆಚ್ಚುವರು.

ಆದರೆ ಹುಲ್ಲು ನೋಡಲು ಅಂದವಾಗಿರಲಿಲ್ಲ. ಹೊಲಿಗೆಯ ಟೇಪಿನಂಥ ಉದ್ದುದ್ದ ಎಲೆಗಳು. ಬುಡದಲ್ಲಿ ಹಸಿರು, ತುದಿಗೆ ಹೋದಂತೆ ಕಂದು. ತುದಿಗಳ ಮೇಲೆಲ್ಲ ನವಿರು ಧೂಳು ಕೂತಂಥ ಪೊರೆ, ಅಲ್ಲಲ್ಲಿ ಕೆಸರು ಮೆತ್ತಿದ ಗಂಟು, ವಾರಗಟ್ಟಲೆ ಬಾಚದ ತಲೆಯಂತೆ ಸಿಕ್ಕು. ಒಂದು ತೊಟ್ಟಿಯಾಗಿದ್ದರೆ ಹೇಗೋ ಸಹಿಸಬಹುದಿತ್ತು. ಎದುರುಬದುರು ಕನ್ನಡಿಯಲ್ಲಿ ಅದು ಒಂದರೊಳಗೊಂದು ತೊಟ್ಟಿಯಾಗಿ ಕೊನೆಯಿಲ್ಲದೆ ಸಾಲುಗಟ್ಟಿತ್ತು. ಎತ್ತ ತಿರುಗಿದರೂ ಕೆದರಿದ ತಲೆ. ನೀಟಪ್ಪನಿಗೆ ಊಟ ರುಚಿಸದಾಯಿತು.

ಒಂದು ಮಧ್ಯಾಹ್ನ ಪತ್ರಿಕೆ ಮಡಚಿ ಏಳುತ್ತಾ ಬೋಳಣ್ಣ ಒಂದು ಕಿಡಿ ಹಾಕಿ ಹೋದ. "ಅಲ್ಲಪ್ಪ, ಇಷ್ಟು ವರ್ಷದಲ್ಲಿ ನಿನ್ನ ಅಂಗಡಿಯಿಂದ ಕಟಿಂಗ್ ಇಲ್ದೆ ಹೋದವನು ನಾನೊಬ್ಬನೇ ಅಂದ್ಕೊಂಡಿದ್ದೆ. ಈಗ ನಂಗೂ ಒಬ್ಬ ಜೊತೆಗಾರ ಸಿಕ್ಕ."

ಅಂಗಡಿ ಖಾಲಿಯಾಯಿತು. ನೀಟಪ್ಪ ತೊಟ್ಟಿಯ ಮುಂದೆ ನಿಂತ. ಆಮೆ ಮೇಯಬಹುದಂತೆ. ಬುಡದಿಂದ ಹೊಸದು ಬರುವುದಂತೆ. ಕೂದಲ ಹಾಗೆ ಎಂದು ಮಗಳೇ ಒಪ್ಪಿದ್ದಾಳೆ. ಮುಟ್ಟಬೇಡ ಎಂದಿದ್ದಾಳೆ ನಿಜ, ಆದರೆ ಕೈಯಿಂದ ಮುಟ್ಟದೆ ಬಾಚಣಿಗೆಯಿಂದ ಎತ್ತಿ ಹಿಡಿದರೆ ಅದು ಮುಟ್ಟಿದ ಹಾಗೆ ಹೇಗಾಗುತ್ತದೆ? ಅವಳು ಬಂದು ನೋಡಿದಾಗ ಹುಲ್ಲು ಮದುವೆಗೆ ಹೊರಟ ಗಂಡಿನಂತೆ ಕಂಡರೆ ಬೇಡವೆನ್ನುತ್ತಾಳೆಯೇ? ಅವನು ಅಂಗಿಯ ತೋಳು ಮಡಚಿದ.

"ಯಾರ್ರೀ ಬಂದಿರೋದು?" ಪರದೆಯಾಚೆಯಿಂದ ಹೆಂಡತಿ. "ಕತ್ತರಿ ಸದ್ದು ಕೇಳ್ತಿದೆ, ಮಾತೇ ಇಲ್ಲ?"

"ಮಾತಾಡದ ಗಿರಾಕಿ."

"ಪುಣ್ಯವಂತ" ಎಂದು ಅವಳು ಯಂತ್ರ ತುಳಿದಳು.

ಕೆಲಸ ಚೊಕ್ಕವಾಗಿ ಮುಗಿಯಿತು. ಗೇಣುದ್ದಕ್ಕೆ ಸಮನಾಗಿ ಕತ್ತರಿಸಿದ ಹುಲ್ಲು ಹೊಸದಾಗಿ ಸೇರಿದ ಪೊಲೀಸನ ತಲೆಯಂತೆ ನೆಟ್ಟಗೆ ನಿಂತಿತು. ಕನ್ನಡಿಯೊಳಗಿನ ಸಾಲು ಸಾಲು ತೊಟ್ಟಿಗಳೂ ನೀಟಾದವು. ನೀಟಪ್ಪ ನಿಟ್ಟುಸಿರು ಬಿಟ್ಟು, ತೇಲುತ್ತಿದ್ದ ತುಂಡುಗಳನ್ನು ಒದ್ದೆ ಟವೆಲಿನ ಮೇಲೆ ರಾಶಿ ಹಾಕಿದ. ಒಂದು ಗಂಟು ಅಷ್ಟು ಗಟ್ಟಿಯಾಗಿ ಕಟ್ಟಿಕೊಂಡದ್ದು ಯಾವ ಕೊಳೆಯಿಂದಿರಬಹುದೆಂದು ಹೆಬ್ಬೆರಳಿನಿಂದ ಕೆಸರು ಒರೆಸಿ ನೋಡಿದ.

ಒಳಗಿನಿಂದ ಒಂದು ಕಣ್ಣು ಅವನನ್ನು ನೋಡಿತು.

ಕೊಳೆಯಲ್ಲ. ಸಣ್ಣ ದ್ರಾಕ್ಷಿಯಂಥ ಮೆತ್ತನೆಯ ಗುಳ್ಳೆ. ಒಳಗೆ ತಿಳಿನೀರು, ನೀರಿನಲ್ಲಿ ಬೆರಳುಗುರಿನಷ್ಟೂ ಇಲ್ಲದ ಜೀವ, ಅದಕ್ಕೆ ತಲೆಗಿಂತ ದೊಡ್ಡ ಕಣ್ಣು. ಅದು ಒಮ್ಮೆ ಮಗುಚಿಕೊಂಡಿತು. ಅಂಥವು ಗೊಂಚಲು ಗೊಂಚಲಾಗಿ ಎಲೆಗೆ ತೊಟ್ಟು ಸುತ್ತಿಕೊಂಡು ಕೂತಿದ್ದವು. ಇಷ್ಟು ವರ್ಷ ಕತ್ತರಿಸಿ ಕೆಳಗೆ ಹಾಕಿದ ಯಾವುದೂ ನೀಟಪ್ಪನನ್ನು ತಿರುಗಿ ನೋಡಿದ್ದಿಲ್ಲ.

"ಏ ಇವಳೇ!" ಎಂದು ಅವನು ಕೂಗಿದ ರೀತಿಗೆ ಟೈಲರಮ್ಮ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಓಡಿಬಂದಳು. ತೊಟ್ಟಿ ನೋಡಿದಳು, ಟವೆಲು ನೋಡಿದಳು, ಗಂಡನ ಒದ್ದೆ ತೋಳು ನೋಡಿದಳು. ಸೂಜಿ ತೆಗೆದಳು.

"ಮುಳುಗಿಸಿದ್ರಾ ಮತ್ತೊಂದು ದ್ವೀಪ?"

ಗೊಂಚಲುಗಳನ್ನು ತೊಟ್ಟಿಗೆ ಹಾಕಿದ. ಅವು ತಳಕ್ಕೆ ಹೋಗಿ ಮರಳಿನಲ್ಲಿ ಹೊರಳಿ ಕೆಸರು ಹಚ್ಚಿಕೊಂಡವು. ಅಲ್ಲಿಯೇ ಬಿಡುವುದೋ, ಮೇಲೆ ಎತ್ತುವುದೋ? ಕೇಳೋಣವೆಂದರೆ ಅವನ ಪರಿಚಯದವರಲ್ಲಿ ಈ ವಿಷಯ ಗೊತ್ತಿದ್ದವಳು ಮಗಳೊಬ್ಬಳೇ, ಇದು ಗೊತ್ತಾಗಬಾರದ್ದೂ ಅವಳಿಗೇ. ಕೊನೆಗೆ ಹೆಂಡತಿ ಫೋನು ಹಚ್ಚಿ ಕೈಗಿಟ್ಟಳು. ದೋಣಿಯ ಮೋಟರಿನ ಸದ್ದಿನ ನಡುವೆ ಮಗಳ ದನಿ ಕೇಳಿತು.

"ಅಪ್ಪಾ? ಹುಲ್ಲಿಗೆ ಏನಾಯ್ತು?"

"ಏನಾಗಿಲ್ಲ! ಸುಮ್ನೆ. ಒಂದು ವಿಷಯ ಕೇಳೋಣಾಂತ. ಈ ಹುಲ್ಲಿನ ಮೇಲೆ ಯಾವ್ದಾದ್ರೂ ಪ್ರಾಣಿ ಮೊಟ್ಟೆ ಇಡುತ್ತಾ ಮರಿ? ಅಂದ್ರೆ, ಇಡೋ ಪದ್ಧತಿ ಇದೆಯಾ?"

ನೀಟಪ್ಪ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಅಪ್ಪ, ನೀನು ನನ್ನ ಕೆಲಸದ ಬಗ್ಗೆ ಪ್ರಶ್ನೆ ಕೇಳ್ತಿರೋದು ಇದೇ ಮೊದಲ್ನೇ ಸಲ, ಗೊತ್ತಾ?" ದನಿಯಲ್ಲಿ ನಗು ತುಂಬಿತ್ತು. "ಬೇಕಾದಷ್ಟು ಪ್ರಾಣಿ ಇಡುತ್ವೆ. ಕಟಲ್‌ಫಿಶ್ ಇದೆಯಲ್ಲ, ಹೆದರಿದ್ರೆ ಮಸಿ ಕಾರುತ್ತೆ, ಬಾಯಿ ಸುತ್ತ ಕೈಗಳು, ಅದು ದ್ರಾಕ್ಷಿ ಗೊಂಚಲಿನ ಹಾಗೆ ಎಲೆಗೆ ಕಟ್ಟಿ ಹೋಗುತ್ತೆ."

"ಕೆಳಗೆ ನೆಲದ ಮೇಲಿಟ್ರೆ ಏನಂತೆ ಅದಕ್ಕೆ?"

"ಕೆಸರು ಮುಚ್ಚಿ ಉಸಿರು ಕಟ್ಟುತ್ತೆ. ಎಲೆ ಮೇಲಾದ್ರೆ ಓಲಾಡ್ತಾ ಇರುತ್ತೆ, ಹೊಸ ನೀರು ಸಿಗ್ತಾ ಇರುತ್ತೆ. ತೊಟ್ಟಿಲು ಅಂತ ಇಟ್ಕೋ. ಯಾಕಪ್ಪ?"

"ಸಾಮಾನ್ಯ ಜ್ಞಾನಕ್ಕೆ."

"ವಾಪಸ್ ಬಂದ್ಮೇಲೆ ಕೂತು ಎಲ್ಲಾ ಹೇಳ್ತೀನಿ, ಆಯ್ತಾ?" ಎಂದು ಅವಳು ಫೋನಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ನೀಟಪ್ಪನಿಗೆ.

"ತೊಟ್ಟಿಲು ಬೇಕಂತೆ" ಎಂದ ಹೆಂಡತಿಗೆ. ನೆಟ್ಟಗೆ ನಿಂತ ಗೇಣುದ್ದದ ಹುಲ್ಲು ಯಾರನ್ನೂ ತೂಗುವ ಸ್ಥಿತಿಯಲ್ಲಿರಲಿಲ್ಲ.

ಟೈಲರಮ್ಮ ಪರದೆಯಾಚೆ ಹೋಗಿ ಒಂದು ಉಂಡೆ ಹಸಿರು ರಿಬ್ಬನ್ ತಂದಳು. ಬಣ್ಣ ಬಿಟ್ಟೀತೆಂದು ನೀರಿನಲ್ಲಿ ಕುದಿಸಿ, ತೊಳೆದು, ಮತ್ತೆ ಕುದಿಸಿದಳು. ತನ್ನ ಮರದ ಅಳತೆಕೋಲನ್ನು ತೊಟ್ಟಿಯ ಮೇಲೆ ಅಡ್ಡಲಾಗಿಟ್ಟಳು. ನೀಟಪ್ಪ ಅದರುದ್ದಕ್ಕೂ ರಿಬ್ಬನ್ನಿನ ಎಳೆಗಳನ್ನು ಒತ್ತೊತ್ತಾಗಿ ಕಟ್ಟಿ ನೀರಿಗೆ ಇಳಿಬಿಟ್ಟ. ಬಾಲ್ಯದಲ್ಲಿ ನಾಟಕದವರಿಗೆ ಚೌರಿ ಕಟ್ಟಿಕೊಟ್ಟು ಕಲಿತ ಗಂಟು ಅದು. ಆಮೇಲೆ ಇಬ್ಬರೂ ಸೇರಿ ಮೊಟ್ಟೆಯ ತೊಟ್ಟುಗಳನ್ನು ಎಲೆಯಿಂದ ಉಪಾಯವಾಗಿ ಜಾರಿಸಿ ರಿಬ್ಬನ್ನಿಗೆ ಪೋಣಿಸಿದರು. ಇಷ್ಟು ವರ್ಷಗಳಲ್ಲಿ ಪರದೆಯ ಒಂದೇ ಕಡೆ ಕೂತು ಇಬ್ಬರೂ ಮಾಡಿದ ಮೊದಲ ಕೆಲಸ ಅದು. ಗಾಳಿಗುಳ್ಳೆಗೆ ರಿಬ್ಬನ್ನು ಓಲಾಡಿತು. ಮೊಟ್ಟೆಗಳೂ ಓಲಾಡಿದವು.

"ಈ ಎಳೆ ಸ್ವಲ್ಪ ಉದ್ದ ಆಯ್ತು ನೋಡು" ಎಂದು ನೀಟಪ್ಪನ ಕೈ ತಾನಾಗಿ ಕತ್ತರಿಯತ್ತ ಹೋಯಿತು.

"ರೀ!"

ಕೈ ಹಿಂದೆ ಬಂತು.

ಮರುದಿನ ಬೋಳಣ್ಣ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತ. "ಹುಲ್ಲಿಗೂ ವಿಗ್ ಇಟ್ಟಿದ್ದೀಯಾ! ನಂಗೆ ಮಾತ್ರ ಒಂದು ದಿನವೂ ಕೇಳ್ಲಿಲ್ವಲ್ಲಪ್ಪ" ಎಂದು ನೊಂದುಕೊಂಡ. ತಾನು ಹಾಕಿದ ಕಿಡಿಯ ಕಥೆ ತಿಳಿದ ಮೇಲೆ ಅವನ ಮುಖವೂ ಸಪ್ಪಗಾಯಿತು. ಆಮೇಲೆ ಪತ್ರಿಕೆ ಓದುವುದು ಬಿಟ್ಟು ತಳಕ್ಕೆ ಬಿದ್ದ ಮೊಟ್ಟೆ ಇದೆಯೇ ಎಂದು ಕಾವಲು ಕೂತ. ಕೆಲವು ಮೊಟ್ಟೆ ದಿನ ಕಳೆದಂತೆ ಬೆಳ್ಳಗಾಗಿ ಮಂಕಾದವು. ಅವುಗಳೊಳಗೆ ಕಣ್ಣು ಕಾಣಿಸಲಿಲ್ಲ. ಅವನ್ನು ನೀಟಪ್ಪ ಒಂದೊಂದಾಗಿ ಎಣಿಸಿ ತೆಗೆಯುತ್ತಿದ್ದ.

ಮಗಳು ಬರುವ ದಿನ ಬಂತು. ನೀಟಪ್ಪನಿಗೆ ಒಂದೇ ಉಪಾಯ ಹೊಳೆಯಿತು. ಗಿರಾಕಿಗೆ ಹೊದಿಸುವ ಬಿಳಿ ಬಟ್ಟೆಯನ್ನು ತೊಟ್ಟಿಗೆ ಹೊದಿಸಿ, ಕತ್ತಿನ ಹತ್ತಿರ ಎಂಬಂತೆ ಕ್ಲಿಪ್ ಹಾಕಿದ.

"ಏನಪ್ಪ ಇದು, ಹುಲ್ಲಿಗೆ ಶೇವಿಂಗಾ?" ಎಂದು ನಗುತ್ತಲೇ ಒಳಬಂದಳು ಮಗಳು. ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅವಳು ಕ್ಲಿಪ್ ತೆಗೆದಳು.

ಹೊಲಿಗೆ ಯಂತ್ರ ನಿಂತಿತು, ಟೈಲರಮ್ಮ ಪರದೆ ಸರಿಸಿ ಈಚೆ ಬಂದಳು. ಬೋಳಣ್ಣ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದ.

"ಆಮೆ ಮೇಯುತ್ತೆ ಅಂದ್ಯಲ್ಲ ಮರಿ..." ಎಂದು ನೀಟಪ್ಪ ಶುರುಮಾಡಿದ. "ಮೇಯೋದಲ್ವಾ, ಹಾಗೇಂತ..." ಅಲ್ಲಿಗೇ ನಿಲ್ಲಿಸಿದ. "ಇಲ್ಲ. ನಾನೇ ಕತ್ತರಿಸಿದೆ. ನೋಡೋಕೆ ಚೆನ್ನಾಗಿರ್ಲಿಲ್ಲ, ಅದಕ್ಕೆ ಕತ್ತರಿಸಿದೆ. ಮೊಟ್ಟೆ ಇದ್ದದ್ದು ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೂ..." ಅವನು ಯೋಚಿಸಿದ. "ಗೊತ್ತಿದ್ದಿದ್ರೆ ಕತ್ತರಿಸ್ತಿರ್ಲಿಲ್ಲ."

"ಕತ್ತರಿ ಎಲ್ಲಿ?"

ಕೊಟ್ಟ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಜಿಪ್ ಎಳೆದಳು. "ಫೋನಲ್ಲಿ ಕೇಳಿದ್ದು ಇದಕ್ಕಾ?"

"ಹೂಂ."

"ನಾನು ಆವತ್ತು ದೋಣೀಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ನಮ್ಮಪ್ಪ ನನ್ನ ಕೆಲಸದ ಬಗ್ಗೆ ಕೇಳಿದ್ರು ಅಂತ." ಅವಳು ತಿರುಗುಕುರ್ಚಿಯಲ್ಲಿ ಅಪ್ಪನಿಗೆ ಬೆನ್ನು ಹಾಕಿ ಕೂತುಬಿಟ್ಟಳು. ಆದರೆ ಎದುರಿಗಿದ್ದದ್ದು ಕನ್ನಡಿ. ಕನ್ನಡಿಯಲ್ಲಿ ಬೇಡವೆಂದರೂ ಅಪ್ಪನೇ ಕಾಣುತ್ತಿದ್ದ, ಒಬ್ಬನಲ್ಲ, ಸಾಲು ಸಾಲು ಅಪ್ಪಂದಿರು. ಎಲ್ಲರೂ ತಲೆ ತಗ್ಗಿಸಿದ್ದರು.

ಬಹಳ ಹೊತ್ತಿನ ಮೇಲೆ ಅವಳೇ ಎದ್ದು ತೊಟ್ಟಿಯೊಳಗೆ ಕೈಬಿಟ್ಟು ಬುಡ ಮುಟ್ಟಿ ನೋಡಿದಳು. "ಬೇರು ಚೆನ್ನಾಗಿದೆ. ನೆಡಬಹುದು. ಆದ್ರೆ ಎಲ್ಲರ ಹುಲ್ಲೂ ಓಲಾಡ್ತಿರುತ್ತೆ, ನನ್ನದು ಮಾತ್ರ ಮಿಲಿಟರಿ ಕಟಿಂಗ್." ಆಮೇಲೆ ರಿಬ್ಬನ್ನಿನ ಗಂಟನ್ನು ಬೆರಳಿನಲ್ಲಿ ತಡವಿದಳು. "ಈ ಗೊಂಚಲು ಕೇಂದ್ರದಲ್ಲೇ ಇತ್ತು ಅಂತ ಕಾಣುತ್ತೆ. ದಿನಾ ನೋಡ್ತಿದ್ದೆ, ನಾನೂ ಕೆಸರಿನ ಗಂಟು ಅಂತ್ಲೇ..." ಮಾತು ಮುಗಿಯಲಿಲ್ಲ.

ಒಂದು ಮೊಟ್ಟೆ ನಡುಗಿತು. ಒಳಗಿನ ಜೀವ ಹಿಂದುಮುಂದಾಗಿ ತಳ್ಳಿತು, ತಳ್ಳಿತು, ಪುಸಕ್ಕನೆ ಹೊರಬಿತ್ತು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಕೈಕಾಲು ಕಣ್ಣು ಎಲ್ಲ ಸರಿಯಾಗಿದ್ದ ಪೂರ್ಣ ಪ್ರಾಣಿ. ಅಂಚಿನ ಸಣ್ಣ ಜಾಲರಿ ಪಟಪಟ ಬಡಿಯುತ್ತ ನೀರಿನಲ್ಲಿ ನಿಂತಿತು. ಎದುರು ನಾಲ್ಕು ದೊಡ್ಡ ಮುಖಗಳು, ಅದರಲ್ಲೊಂದು ಬೋಳು. ಅದಕ್ಕೆ ಏನನ್ನಿಸಿತೋ, ಒಂದು ಸಣ್ಣ ಮೋಡದಷ್ಟು ಮಸಿ ಕಾರಿ ರಿಬ್ಬನ್ನಿನ ಹಿಂದೆ ಓಡಿಹೋಯಿತು.

"ನನ್ನ ನೋಡಿ ಹೆದರಿದ್ದು" ಎಂದ ಬೋಳಣ್ಣ ಹೆಮ್ಮೆಯಿಂದ.

ಅಷ್ಟರಲ್ಲಿ ಇನ್ನೊಂದು. ಮತ್ತೊಂದು. ಕನ್ನಡಿಯೊಳಗೆ ಅವೇ ಕೆಲವು ಮರಿಗಳು ಲೆಕ್ಕವಿಲ್ಲದ ಹಿಂಡಾಗಿ ಅಂಗಡಿಯ ತುಂಬ ಈಜಿದವು. ತೊಟ್ಟಿಯ ನೀರು ಮಸಿಯಿಂದ ಮಬ್ಬಾಗುತ್ತ ಬಂತು. ನೀಟಪ್ಪನ ಕೈ ಟವೆಲಿಗೆ ಹೋದದ್ದನ್ನು ಮಗಳು ಕನ್ನಡಿಯಲ್ಲಿ ನೋಡಿದಳು. ಅವನು ಟವೆಲನ್ನು ಎತ್ತಿದ, ನೋಡಿದ, ಮಡಚಿದ, ವಾಪಸ್ಸಿಟ್ಟ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತನ್ನ ಅಂಗಡಿಯಲ್ಲಿ ಅಷ್ಟು ಕೊಳಕಾದ ನೀರನ್ನು ನೋಡುತ್ತಾ ನಿಂತ.

"ಅಪ್ಪ" ಎಂದಳು ಮಗಳು. "ಆ ಬಕೆಟ್ ಹಿಡ್ಕೋ. ಮರಿಗಳನ್ನ ಕೊಲ್ಲಿಗೆ ಒಯ್ಯೋವರೆಗೂ ಹಿಡ್ಕೊಂಡಿರೋರು ಒಬ್ರು ಬೇಕು."

ಬಕೆಟ್ ಭಾರವಾಗಿತ್ತು. ನೀಟಪ್ಪ ಅದನ್ನು ದಾರಿಯುದ್ದಕ್ಕೂ ಒಂದು ಹನಿ ಚೆಲ್ಲದಂತೆ ಎದೆಗವಚಿಕೊಂಡು ನಡೆದ. ಕೊಲ್ಲಿಯ ಅಂಚಿನಲ್ಲಿ, ಲಂಗರಿಗೆ ಸಿಕ್ಕದೆ ಉಳಿದಿದ್ದ ಹಳೆಯ ಹುಲ್ಲಿನ ನಡುವೆ, ಮಗಳು ಮರಿಗಳನ್ನು ಬಿಟ್ಟಳು. ಸೊಂಟದುದ್ದದ ನೀರಿನಲ್ಲಿ ನಿಂತು ಅವನು ಮೊದಲ ಸಲ ಕೆಳಗೆ ನೋಡಿದ. ಉದ್ದ, ಗಿಡ್ಡ, ಕಂದು, ಹಸಿರು, ಸಿಕ್ಕು ಸಿಕ್ಕು, ಎಲ್ಲೆಲ್ಲೂ ಪೊರೆ, ಗಂಟು, ಹರಿದ ತುದಿ. ಆ ಸಿಕ್ಕಿನೊಳಗೆ ಏನೇನೋ ಅಲ್ಲಾಡುತ್ತಿತ್ತು. ಮರಿಗಳು ಒಂದು ಕ್ಷಣ ಕಂಡವು, ಮರುಕ್ಷಣ ಹುಲ್ಲಿನ ಬಣ್ಣವೇ ಆದವು.

"ಇದನ್ನ ನಂಗೆ ಬಿಟ್ರೆ ಜೀವಮಾನ ಸಾಕಾಗಲ್ಲ" ಎಂದ ಮೆಲ್ಲಗೆ.

"ಅದಕ್ಕೇ ಕತ್ತರಿ ನನ್ನ ಹತ್ರ ಇರೋದು" ಎಂದಳು ಮಗಳು. ಈ ಸಲ ಇಬ್ಬರೂ ನಕ್ಕರು.

ಹುಲ್ಲು ನೆಟ್ಟಾಯಿತು, ಅದು ಹಿಡಿದುಕೊಂಡಿದೆ ಎಂಬಷ್ಟು ಗೊತ್ತು. ಕತ್ತರಿಸಿದ್ದರಿಂದ ಹಿಡಿಯಿತೋ, ಕತ್ತರಿಸಿದರೂ ಹಿಡಿಯಿತೋ ಎಂದು ಕೇಳಿದರೆ ಮಗಳು ಹೆಗಲು ಕುಣಿಸುತ್ತಾಳೆ. ಬೆಳ್ಳಗಾದ ಮೊಟ್ಟೆಗಳು ರಿಬ್ಬನ್ನಿನ ಬದಲು ಎಲೆಯ ಮೇಲೇ ಇದ್ದಿದ್ದರೆ ಒಡೆಯುತ್ತಿದ್ದವೇ ಎಂಬುದಕ್ಕೂ ಉತ್ತರವಿಲ್ಲ. ನೀಟಪ್ಪ ಅದನ್ನು ಈಗಲೂ ಕೇಳುತ್ತಿರುತ್ತಾನೆ. ಕೊಲ್ಲಿಗೆ ಬಿಟ್ಟ ಮರಿಗಳಲ್ಲಿ ಒಂದಾದರೂ ದೊಡ್ಡದಾಗಿ, ಅದೇ ಹುಲ್ಲಿಗೆ ಮತ್ತೆ ಗೊಂಚಲು ಕಟ್ಟಲು ಬಂದಿತೇ? ಯಾರೂ ನೋಡಿಲ್ಲ. ಇದನ್ನು ಹೇಳಿದವರಿಗೂ ಗೊತ್ತಿಲ್ಲ.